ನೀಲಗಾರರ ಮನೆಯ ವಾಸನೆ

ಎದುರಿನ ಕಟ್ಟೆಯ ಮೇಲೆ ಆಕೆ ಕೂತಿರುತ್ತಿದ್ದಳು. ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ನಮ್ಮ ಮನೆಯ ಬಾಗಿಲನ್ನೇ ನೋಡುತ್ತ. ಆ ಕೈಗಳು ಮೊಣಕೈವರೆಗೂ ನೀಲಿಯಾಗಿದ್ದವು. ಉಗುರುಗಳನ್ನಂತೂ ಕಪ್ಪೆಂದೇ ಹೇಳಬೇಕು. ಪಕ್ಕದಲ್ಲಿ ಬಟ್ಟೆ ಮುಚ್ಚಿದ ಒಂದು ತಂಬಿಗೆ. ಹಾದುಹೋಗುವವರು ಮಾತಾಡಿಸಿದರೆ ಮಾತಾಡುತ್ತಿದ್ದಳು, ಇಲ್ಲದಿದ್ದರೆ ಇಲ್ಲ. ಬಿಸಿಲು ಕಟ್ಟೆಯಿಂದ ಇಳಿಯುವ ಹೊತ್ತಿಗೆ ಎದ್ದು, ಸೆರಗು ಕೊಡವಿಕೊಂಡು, ತಂಬಿಗೆ ಎತ್ತಿಕೊಂಡು ಹೊರಟುಬಿಡುತ್ತಿದ್ದಳು. ಮರುದಿನ ಮತ್ತೆ ಬರುತ್ತಿದ್ದಳು.

ಆಕೆಯ ಹೆಸರು ಶಾವಂತ್ರವ್ವ. ನಾವು ಕೊಂಡಿದ್ದ ಮನೆ ಮೊದಲು ಆಕೆಯದಾಗಿತ್ತು. ಅವರು ನೀಲಗಾರರು, ನೂಲಿಗೂ ಸೀರೆಗೂ ನೀಲಿ ಅದ್ದಿಕೊಡುವುದು ಅವರ ಮನೆತನದ ಕಸುಬು. ಗಂಡ ಫಕೀರಪ್ಪನಿಗೆ ವಯಸ್ಸಾಗಿ, ಅಷ್ಟು ದೊಡ್ಡ ಮನೆಯನ್ನು ನಡೆಸುವುದು ಕಷ್ಟವಾಗಿ, ಅದನ್ನು ನಮ್ಮ ಅಣ್ಣ ವಾಮನನಿಗೆ ಮಾರಿ ಊರ ಹೊರಗೆ ಸಣ್ಣದೊಂದು ಜಾಗ ಹಿಡಿದಿದ್ದರು. ಹಿತ್ತಿಲ ಖೋಲಿಯಲ್ಲಿ ನೆಲದಲ್ಲಿ ಕುತ್ತಿಗೆಯವರೆಗೆ ಹೂತಿದ್ದ, ಬಣ್ಣ ಅದ್ದುವ ನಾಲ್ಕು ದೊಡ್ಡ ಮಣ್ಣಿನ ಗುಡಾಣಗಳಿದ್ದವು. ಅವನ್ನು ಅಮಾವಾಸ್ಯೆ ಕಳೆದ ಮೇಲೆ ಬಂದು ಒಯ್ಯುತ್ತೇವೆ ಎಂದು ಫಕೀರಪ್ಪ ಹೇಳಿದ್ದ. ಅದಕ್ಕೇನಂತೆ, ಇರಲಿ ಬಿಡಿ ಎಂದು ಅಣ್ಣ ಆ ಖೋಲಿಯ ಅಗಳಿ ಹಾಕಿಸಿಬಿಟ್ಟಿದ್ದ.

ಆ ಮನೆ ಬೇಕೆಂದು ಹಟ ಹಿಡಿದವಳು ಅಣ್ಣನ ಹೆಂಡತಿ ಮಂದಾಕಿನಿ, ನನ್ನ ವೈನಿ. ಬಾಡಿಗೆ ಮನೆಯಲ್ಲಿ ಅವಳಿಗೆ ಎರಡು ಬಸಿರು ಇಳಿದುಹೋಗಿದ್ದವು. ಮಂದಿಯ ಮಾಡಿನ ಕೆಳಗೆ ತನ್ನ ಮಗು ನಿಲ್ಲುವುದಿಲ್ಲ ಎಂಬ ನಂಬಿಕೆ ಅವಳೊಳಗೆ ಹೇಗೋ ಹೊಕ್ಕುಬಿಟ್ಟಿತ್ತು. ಈಗ ಮತ್ತೆ ಬಸುರಾಗಿದ್ದಳು. ಇದೊಂದನ್ನು ಸ್ವಂತ ಮನೆಯಲ್ಲಿ ಹೆರಬೇಕು, ಅಷ್ಟೇ ಅವಳ ಆಸೆ. ಅಣ್ಣನೂ ಅದನ್ನು ಬಲ್ಲವನಾಗಿದ್ದರಿಂದ ಹೆಚ್ಚು ಯೋಚಿಸದೆ ಕೊಂಡುಬಿಟ್ಟ.

ಗೃಹಪ್ರವೇಶದ ದಿನ ಹಾಲು ಉಕ್ಕಿತು. ಆದರೆ ಕುಡಿದವರೆಲ್ಲ ಒಂದೇ ಗುಟುಕಿಗೆ ಲೋಟ ಕೆಳಗಿಟ್ಟರು. ಆ ಮನೆಗೊಂದು ವಾಸನೆಯಿತ್ತು. ಒದ್ದೆ ಕಂಬಳಿಯನ್ನು ಮೂಲೆಯಲ್ಲಿ ಮರೆತರೆ ಬರುವಂಥದ್ದು. ಅದರ ಮೇಲೆ ಹುಳಿಬಿದ್ದ ಗಂಜಿ, ಅದರ ಮೇಲೆ ಸುಣ್ಣ. ಮೊದಲು ನೋಡಲು ಬಂದಾಗ ಕಸುಬಿನ ಮನೆ, ಅವರು ಹೋದರೆ ವಾಸನೆಯೂ ಹೋಗುತ್ತದೆ ಅಂದುಕೊಂಡಿದ್ದೆವು. ಅವರು ಹೋದರು, ಅದು ಉಳಿಯಿತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಕಟ್ಟಿದ ಮನೆ ಕೊಂಡು ನೋಡು ಎಂದು ಯಾಕೆ ಹೇಳಲಿಲ್ಲವೋ ನಾ ಕಾಣೆ.

ನೆರೆಯವರು ಬಾಯಿಗೊಂದು ಮದ್ದು ಹೇಳಿದರು. ಒಬ್ಬಳು ಬೇವಿನ ಸೊಪ್ಪಿನ ಹೊಗೆ ಹಾಕಿ ಅಂದಳು. ಹಾಕಿದೆವು, ವಾಸನೆ ಹೋಗಲಿಲ್ಲ, ನಮಗೇ ಕಣ್ಣುರಿ ಬಂತು. ಲೋಬಾನ ಹಾಕಿದೆವು. ಅರಿಶಿನದ ನೀರಿನಲ್ಲಿ ನೆಲ ತೊಳೆದೆವು. ಮೂಲೆಮೂಲೆಗೆ ಇದ್ದಿಲಿನ ಬುಟ್ಟಿ ಇಟ್ಟೆವು. ಗೋಡೆಗೆ ಹೊಸ ಸುಣ್ಣ ಹೊಡೆಸಿದೆವು. ಅದು ಆರುವ ತನಕ ಮನೆ ಮನೆಯಂತಿತ್ತು, ಆರಿದ ಮೇಲೆ ಮತ್ತೆ ಅದೇ. ಅಣ್ಣ ಒಂದು ದಿನ ಬೇಸತ್ತು, ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಲಾಗುತ್ತದೆಯೇ, ರೂಢಿಯಾಗುತ್ತದೆ ಬಿಡು ಅಂದ. ನಮಗೆಲ್ಲ ರೂಢಿಯಾಗುತ್ತಲೂ ಬಂತು. ವೈನಿಗೆ ಮಾತ್ರ ಆಗಲಿಲ್ಲ. ಬಸುರಿಯ ಮೂಗು ಅದು. ಬಾಯಿಗಿಟ್ಟ ತುತ್ತು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಕಣ್ಣ ಕೆಳಗೆ ಕಪ್ಪಿಟ್ಟು, ಕೈಬಳೆಗಳು ಸಡಿಲಾಗಿ ಮೊಣಕೈಗೆ ಜಾರುತ್ತಿದ್ದವು.

ಇಷ್ಟೆಲ್ಲದರ ನಡುವೆ, ಎದುರಿನ ಕಟ್ಟೆಯ ಮೇಲೆ ಶಾವಂತ್ರವ್ವ. ಆ ಊರಲ್ಲಿ ಒಂದು ಪದ್ಧತಿಯಿತ್ತು. ಮನೆ ಮಾರಿದವರು ಮುಂದಿನ ಅಮಾವಾಸ್ಯೆ ದಾಟುವವರೆಗೆ, ಕೊಂಡವರು ತಾವಾಗಿ ಕರೆಯದೆ ಆ ಹೊಸ್ತಿಲು ತುಳಿಯಬಾರದು. ಬಾಗಿಲಲ್ಲಿ ನಿಂತು ಏನನ್ನೂ ಕೊಡಿರೆಂದು ಕೇಳಲೂಬಾರದು. ಕೇಳಿದರೆ ಆ ಮನೆಯ ಭಾಗ್ಯವನ್ನೇ ಮರಳಿ ಕೇಳಿದಂತೆ. ಆಕೆ ಆ ಪದ್ಧತಿಯನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಒಳಗೆ ಕರೆಯೋಣವೇ ಎಂದು ನಾನು ವೈನಿಯನ್ನು ಕೇಳಿದ್ದುಂಟು. ಅವಳು ಕಿಟಕಿಯಿಂದ ನೋಡಿ, ಬೇಡವೆಂದು ತಲೆಯಾಡಿಸಿದಳು.

"ಬಾಳಿ ಬದುಕಿದ ಮನಿ ಅದು. ಕಣ್ತುಂಬ ನೋಡಿಕೊಳ್ಳಲಿ ಪಾಪ. ಒಳಗ ಕರದು ಖಾಲಿ ಖೋಲಿ ತೋರಿಸಿದ್ರ ಎದಿ ಒಡೀತದ ಅವರದು."

ಅದು ಕೆಟ್ಟ ಮನಸ್ಸಿನ ಮಾತಲ್ಲ. ಆಕೆಯ ದುಃಖಕ್ಕೆ ತೊಂದರೆಯಾಗದಿರಲೆಂದು ವೈನಿ ಹಗಲೆಲ್ಲ ಬಾಗಿಲನ್ನು ಅರ್ಧ ಮುಚ್ಚಿಕೊಂಡೇ ಇರುತ್ತಿದ್ದಳು. ತಂಬಿಗೆಯಲ್ಲಿ ಬುತ್ತಿ ಇರಬೇಕು ಅಂದುಕೊಂಡಿದ್ದೆವು.

ಒಂದು ಬೆಳಿಗ್ಗೆ ವೈನಿಗೆ ತಲೆಸುತ್ತು ಬಂದು ಬಚ್ಚಲಲ್ಲೇ ಕುಸಿದಳು. ನೋಡಲು ಬಂದ ಸೂಲಗಿತ್ತಿ ಮುಖ ಗಂಟು ಹಾಕಿ, ಹೀಗೆ ಉಪವಾಸ ಬಿದ್ದರೆ ಇದೂ ಉಳಿಯುವ ಭರವಸೆಯಿಲ್ಲ ಎಂದುಬಿಟ್ಟಳು. ಅವಳು ಹೋದದ್ದೇ ವೈನಿ ಎದ್ದಳು. ಗೋಡೆ ಹಿಡಿದುಕೊಂಡು, ಮೂಸುತ್ತ ಮೂಸುತ್ತ, ಕೋಣೆಯಿಂದ ಕೋಣೆಗೆ ನಡೆದು ಹಿತ್ತಿಲ ಖೋಲಿಯ ಮುಂದೆ ನಿಂತಳು. ಅಗಳಿ ತೆಗೆಸಿದಳು. ಮೂರು ಗುಡಾಣಗಳು ಬರಿದಾಗಿ ಒಣಗಿದ್ದವು. ನಾಲ್ಕನೆಯದಕ್ಕೆ ಮುಚ್ಚಳವಿಟ್ಟು, ಸಂದಿಗೆ ಸೆಗಣಿ ಮೆತ್ತಿ, ಸುತ್ತ ಹೊಟ್ಟು ತುಂಬಿಸಿ ಬೆಚ್ಚಗೆ ಇಟ್ಟಿದ್ದರು. ಕೂಲಿಗೆ ಬಂದ ಆಳು ಮುಚ್ಚಳ ಎಬ್ಬಿಸಿದಾಗ ನಾವೆಲ್ಲ ಮೂಗು ಮುಚ್ಚಿಕೊಂಡು ಹಿಂದೆ ಸರಿದೆವು. ಮೇಲೆ ತಾಮ್ರದ ಬಣ್ಣದ ಕೆನೆ, ಒಳಗೆ ಹಸಿರು ಹಳದಿ ನೀರು. ಕೊಳೆತುಹೋಗಿದೆ ಎಂದು ಆಳು ಅಂದ. ಹೌದೆಂದು ನಮಗೂ ಅನಿಸಿತು. ವೈನಿ ಅದರಲ್ಲೂ ಅವರ ಅನುಕೂಲವನ್ನೇ ನೆನೆದಳು: ನೀರು ಚೆಲ್ಲಿ, ಗುಡಾಣ ತೊಳೆದು, ಒಣಗಿಸಿ ಇಟ್ಟರೆ ಒಯ್ಯುವವರಿಗೂ ಸುಲಭ.

ಆಳು ಕೊಡದಲ್ಲಿ ಮೊಗೆಮೊಗೆದು ಚೆಲ್ಲಿದ. ನಾನು ಮೋಟು ಕಸಬರಿಗೆಯಿಂದ ನೀರನ್ನು ಬೀದಿಯ ಗಟಾರದ ಕಡೆ ನೂಕುತ್ತಿದ್ದೆ. ಕೊಡದಲ್ಲಿ ಹಸಿರಾಗಿದ್ದ ನೀರು ಗಾಳಿ ತಾಗಿದಂತೆ ಬಣ್ಣ ಬದಲಿಸತೊಡಗಿತು. ಬಾಗಿಲು ದಾಟುವಾಗ ಕಡುಹಸಿರು; ಗಟಾರಕ್ಕೆ ಬಿದ್ದು ನಾಲ್ಕು ಮಾರು ಹರಿಯುವಷ್ಟರಲ್ಲಿ ನೀಲಿ. ಅಂಥ ನೀಲಿಯನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ. ಅದು ಎದುರಿನ ಕಟ್ಟೆಯ ಬುಡಕ್ಕೇ ಹರಿದುಹೋಯಿತು.

ಶಾವಂತ್ರವ್ವ ಕೆಳಗೆ ನೋಡಿದಳು. ಇಳಿದು ಬಂದು, ಗಟಾರದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಹರಿಯುವ ನೀರಲ್ಲಿ ಕೈಯದ್ದಿ ಮೂಗಿನ ಹತ್ತಿರ ಹಿಡಿದಳು. ಆಮೇಲೆ ನಮ್ಮ ಹೊಸ್ತಿಲವರೆಗೆ ಬಂದು ಆಚೆಯೇ ನಿಂತಳು.

"ಎಲ್ಲಾ ಚೆಲ್ಲಿದ್ರೇನ್ರಿ?"

ವೈನಿ ಬಾಗಿಲಿಗೆ ಬಂದು, ಎಷ್ಟೋ ದಿನಗಳ ಮೇಲೆ ನಕ್ಕಳು. "ಹೂಂನ್ರಿ, ಎಲ್ಲಾ ಖಾಲಿ ಮಾಡೇವಿ. ತೊಳದು ಒಣಗಿಸಿ ಇಡ್ತೀವಿ. ನಿಮಗ ಒಯ್ಯಲಿಕ್ಕೆ ಹಗುರಾಗ್ತದ."

ಶಾವಂತ್ರವ್ವ ಏನೋ ಹೇಳಲು ಬಾಯಿ ತೆರೆದಳು. ಆಗ ಅವಳ ಕಣ್ಣು ವೈನಿಯ ಹೊಟ್ಟೆಯ ಮೇಲೆ ಬಿತ್ತು.

"ಆತು ಬಿಡವ್ವ. ನೀ ಬಗ್ಗಿ ತೊಳ್ಯಾಕ ಹೋಗಬ್ಯಾಡ. ಬಸುರಿ ಹೆಂಗಸು."

ಅಷ್ಟು ಹೇಳಿ ಹೋದಳು. ತಂಬಿಗೆ ಕಟ್ಟೆಯ ಮೇಲೇ ಉಳಿದಿತ್ತು. ಕೊಟ್ಟುಬರೋಣವೆಂದು ನಾನು ಎತ್ತಿಕೊಂಡು ಬಟ್ಟೆ ಸರಿಸಿ ನೋಡಿದೆ. ಒಳಗೆ ಬುತ್ತಿಯಿರಲಿಲ್ಲ. ಬೇಯಿಸಿದ ಎಂಥದೋ ಬೀಜಗಳ ಗಂಜಿಯಿತ್ತು.

ವಾಸನೆ ಕರಗುತ್ತ ಬಂತು. ವೈನಿ ಅನ್ನ ಸಾರು ಉಂಡು ಜೀರ್ಣಿಸಿಕೊಂಡಳು, ಮುಖಕ್ಕೆ ಕಳೆ ಬಂತು. ಕಟ್ಟೆ ಖಾಲಿಯಾಗಿತ್ತು. ದುಃಖ ತೀರಿತೇನೋ ಪಾಪ ಎಂದು ನಾವು ಮಾತಾಡಿಕೊಂಡೆವು.

ಅಮಾವಾಸ್ಯೆ ಕಳೆದ ಮೇಲೆ ಫಕೀರಪ್ಪ ಗಾಡಿ ಕಟ್ಟಿಕೊಂಡು ಬಂದ. ಬರಿದಾದ ಗುಡಾಣದೊಳಗೆ ಇಣುಕಿ, ಕೈಯಿಳಿಸಿ ಗೋಡೆ ಸವರಿ ನೋಡಿದ. ಏನಾಯಿತೆಂದು ಅಣ್ಣ ಕೇಳಿದ್ದಕ್ಕೆ ಮೆಲ್ಲಗೆ ಹೇಳಿದ. ಅದು ಕೊಳೆತ ನೀರಲ್ಲ, ಮೊಸರಿಗೆ ಹೆಪ್ಪು ಇದ್ದ ಹಾಗೆ. ಹಳೆಯ ನೀರು ಬೀಳದೆ ಹೊಸ ಗುಡಾಣದಲ್ಲಿ ನೀಲಿ ಏಳುವುದಿಲ್ಲ. ಅವನ ಮುತ್ತಜ್ಜಿಯ ಕಾಲದಿಂದ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಬಂದದ್ದು. ಹೊಸ ಜಾಗದ ಗುಂಡಿ ಒಣಗುವವರೆಗೆ ಅಲುಗಿಸಬಾರದೆಂದು ಬಿಟ್ಟುಹೋಗಿದ್ದರು. ನಡುನಡುವೆ ಆ ನೀರಿಗೆ ತಗಚೆ ಬೀಜದ ಗಂಜಿ ಉಣ್ಣಿಸಬೇಕು, ಅದು ಹೆಂಗಸರ ಕೆಲಸ. ತಮ್ಮ ಗುಡಾಣ ಜೀವಂತವಿದೆ ಎಂದು ಹೊರಗಿನವರ ಮುಂದೆ ಬಾಯಿಬಿಟ್ಟರೆ ದೃಷ್ಟಿಯಾಗುತ್ತದೆಂಬುದು ನೀಲಗಾರರ ಅಂಜಿಕೆ. ಅದಕ್ಕೇ ಅವನೂ ಹೇಳಿರಲಿಲ್ಲ.

ವೈನಿ ಆ ಮಾತು ಕೇಳಿದವಳೇ ನನ್ನನ್ನು ಕರೆದುಕೊಂಡು, ನಮ್ಮಲ್ಲೇ ಉಳಿದಿದ್ದ ಆ ತಂಬಿಗೆ ತೆಗೆದುಕೊಂಡು ಊರ ಹೊರಗೆ ಹೋದಳು. ಶಾವಂತ್ರವ್ವನ ಕಾಲು ಹಿಡಿದಳು. ನೀವು ಒಂದು ಮಾತು ಕೂಗಿ ಹೇಳಬಾರದಿತ್ತೇ ಎಂದು ಅತ್ತಳು. ಶಾವಂತ್ರವ್ವ ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

"ನೀವು ಒಮ್ಮೆ ಒಳಗ ಕರೀತೀರಿ ಅಂತ ಕುಂತಿದ್ನವ್ವ."

ಬೈದಿದ್ದರೆ ವೈನಿ ತಾಳಿಕೊಳ್ಳುತ್ತಿದ್ದಳು. ಕರೆಯುವ ಮನಸ್ಸು ಇರಲಿಲ್ಲವೆಂದಲ್ಲ. ಮರುಕದಿಂದಲೇ ಕರೆಯದೆ ಕೂತಿದ್ದಳಲ್ಲ, ಅದು ಅವಳನ್ನು ಕೊರೆಯಿತು. ಬಸುರಿಯೆಂಬುದನ್ನೂ ಲೆಕ್ಕಿಸದೆ ಅಣ್ಣನನ್ನು ಹೊರಡಿಸಿಕೊಂಡು ಸುತ್ತಲಿನ ಊರುಗಳಲ್ಲಿ ಒಂದು ಚೊಂಬು ಹಳೆಯ ನೀರಿಗಾಗಿ ಹುಡುಕಿದಳು. ಎಲ್ಲೂ ಸಿಗಲಿಲ್ಲ. ಉಳಿದ ನೀಲಗಾರರೆಲ್ಲ ಯಾವತ್ತೋ ಪುಡಿ ಬಣ್ಣಕ್ಕೆ ತಿರುಗಿದ್ದರು. ಫಕೀರಪ್ಪನೂ ಪುಡಿ ಬಣ್ಣ ತಂದ. ಆ ಬಣ್ಣ ಕೈಗೆ ಹತ್ತಿದರೂ ತೊಳೆದರೆ ಹೋಗುತ್ತಿತ್ತು. ವರ್ಷ ತುಂಬುವುದರೊಳಗೆ ಶಾವಂತ್ರವ್ವನ ಕೈಗಳು ಎಲ್ಲರ ಕೈಗಳಂತಾದವು.

ಮಗು ಉಳಿಯಿತು, ಹೆಣ್ಣು. ತೊಟ್ಟಿಲಿಗೆ ಹಾಕುವ ದಿನ ವೈನಿ ತಾನೇ ಹೋಗಿ ಶಾವಂತ್ರವ್ವನನ್ನು ಕೈಹಿಡಿದು ಕರೆತಂದಳು. ಆಕೆ ಒಂದು ನೀಲಿ ದುಪ್ಪಟಿ ತಂದಿದ್ದಳು. ಆ ಗುಡಾಣದಲ್ಲಿ ಕಡೆಯ ಸಲ ಅದ್ದಿದ್ದು. ಅದನ್ನು ತೊಟ್ಟಿಲಲ್ಲಿ ಹಾಸಿದಾಗ ಎಲ್ಲರೂ ಮೂಗಿಗೆ ಸೆರಗು ಹಿಡಿದರು. ಅದೇ ವಾಸನೆ. ಒಮ್ಮೆ ಸೋಪು ಹಾಕಿ ಒಗೆದು ಹಾಸಬಾರದೇ ಎಂದು ಯಾರೋ ಅಂದರು. ಬೇಡ ಎಂದಳು ವೈನಿ. ಮಗುವಿನ ಪಕ್ಕ ಬಗ್ಗಿ ಅದರಲ್ಲಿ ಮುಖವಿಟ್ಟಳು.

ಮುಂದೆ ಮಗು ಬೆಳೆಯಿತು, ತೊಟ್ಟಿಲು ಅಟ್ಟ ಸೇರಿತು. ಶಾವಂತ್ರವ್ವ ತೀರಿಕೊಂಡಳು. ದುಪ್ಪಟಿಯನ್ನು ವೈನಿ ಯಾರಿಗೂ ಒಗೆಯಲು ಬಿಡಲಿಲ್ಲ, ಬಿಸಿಲಿಗೂ ಹಾಕಲಿಲ್ಲ. ಆಗಾಗ ತೆಗೆದು ಮೂಸಿ ಮತ್ತೆ ಮಡಚಿಡುತ್ತಿದ್ದಳು. ಅವಳ ಕೂದಲು ನರೆತ ಕಾಲದಲ್ಲಿ ಒಂದು ಮಧ್ಯಾಹ್ನ, ತವರಿಗೆಂದು ಬಂದಿದ್ದ ನನ್ನನ್ನು ಒಳಗೆ ಕರೆದು ಅದನ್ನು ನನ್ನ ಕೈಗೆ ಕೊಟ್ಟಳು.

"ನನ್ನ ಮೂಗಿಗೆ ರೂಢಿ ಆಗಿಬಿಟ್ಟದೋ ಏನೋ, ತಿಳಿಯವಲ್ದು. ನೀ ನೋಡು. ಇನ್ನೂ ಅದ ಏನು?"

ನಾನು ಮುಖಕ್ಕೆ ಒತ್ತಿಕೊಂಡು ಉಸಿರೆಳೆದೆ. ಹಳೆಯ ಪೆಟ್ಟಿಗೆಯ ಮರದ ವಾಸನೆಯಿತ್ತು. ಬೇರೆ ಏನೂ ಇರಲಿಲ್ಲ.

"ಅದ ವೈನಿ," ಎಂದೆ.

ಅವಳು ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಗಾಳಿ ತಾಗದ ಹಾಗೆ ತನ್ನೊಂದು ಸೀರೆಯಲ್ಲಿ ಸುತ್ತಿ, ಪೆಟ್ಟಿಗೆಯ ತಳಕ್ಕೆ ಇಟ್ಟಳು.