ಹಾಡುವವನು ಬರಲಿಲ್ಲ

ಖಂಡಪ್ಪ ನಾರಾಯಣಪುರದ ಕಾಲುವೆಯಲ್ಲಿ ಗೇಟಿನ ಕೆಲಸಕ್ಕಿದ್ದ. ಗೇಟು ಎತ್ತಲು ಇಬ್ಬರು ಬೇಕು. ಒಬ್ಬ ಹಿಡಿಕೆ ತಿರುಗಿಸಿದರೆ ಇನ್ನೊಬ್ಬ ನೀರಿನ ಮಟ್ಟ ನೋಡಿ ಕೂಗಬೇಕು. ಹೀಗಾಗಿ ಒಬ್ಬರೇ ಮಾಡುವ ಕೆಲಸವನ್ನು ಅವನು ಎಂದೂ ನಂಬಿದವನಲ್ಲ.

ಮಗಳು ದೇವಕಮ್ಮ ಧಾರವಾಡದಲ್ಲಿ ಪಿಟೀಲು ಕಲಿತು, ಆರು ವರ್ಷ ದೊಡ್ಡ ಗಾಯಕರ ಬೆನ್ನಿಗೆ ಕುಳಿತು ನುಡಿಸಿ ಹೆಸರು ಮಾಡಿದ್ದಳು. ಈಗ ಸುರಪುರದಲ್ಲಿ ಅವಳದೇ ಕಾರ್ಯಕ್ರಮ. ಧಾರವಾಡದ ಸಂಗೀತ ಸಂಘದ ಕಾರ್ಯದರ್ಶಿ ಮುಂದಿನ ಸಾಲಿನಲ್ಲಿದ್ದರು. ಅವರು ಮೆಚ್ಚಿದರೆ ಅಲ್ಲಿಯ ವೇದಿಕೆ ಇವಳದು. ಇಲ್ಲವಾದರೆ ಮತ್ತೆ ಯಾರದೋ ಬೆನ್ನ ಹಿಂದೆ.

"ಈ ಸಲ ನಾ ಒಬ್ಬಾಕೀನೇ ಅಪ್ಪಾ" ಎಂದು ಅವಳು ಮೊದಲೇ ಹೇಳಿದ್ದಳು. ಬಸ್ಸಿಗೆ ಒಬ್ಬಳೇ ಬರುತ್ತಾಳೆಂದಷ್ಟೇ ಅರ್ಥಮಾಡಿಕೊಂಡ ಖಂಡಪ್ಪ ಸ್ಟ್ಯಾಂಡಿಗೆ ಹೋಗಿ ಕರೆತಂದಿದ್ದ.

ಸಂಜೆ ಆಲಾಪ ಶುರುವಾಗಿ ಕಾಲು ಗಂಟೆಯಾಯಿತು. ತಬಲಾದವನೂ ಕೈಕಟ್ಟಿ ಕುಳಿತಿದ್ದ. ಖಂಡಪ್ಪನ ಪಕ್ಕ ಕುಳಿತಿದ್ದ ಸಾಯಬಮ್ಮ ಕೇಳಿದಳು:

"ಅಣ್ಣಾ, ತಂತಿ ಇನ್ನೂ ಬಿಗಿ ಮಾಡಾಕತ್ತಾಳೇನು? ಹಾಡಾಂವ ಬರಲಿಲ್ಲೇನು?"

"ಬಸ್ಸು ತಡಾ ಆಗಿರಬೇಕವ್ವಾ."

"ಪಾಪ, ಕೂಸು ಎಷ್ಟೊತ್ತಂತ ನಿಭಾಯಿಸ್ತದ?"

ಖಂಡಪ್ಪ ಹಿಂದಕ್ಕೆ ತಿರುಗಿದ. ಅಲ್ಲಿ ಸಗರ ಊರಿನ ಭಜನೆ ಹಾಡುವ ಅಮಾತೆಪ್ಪ ಕುಳಿತಿದ್ದ. ಅವನ ಕಿವಿಯಲ್ಲಿ, "ಮರ್ಯಾದಿ ಉಳಿಸೋ ಮಾರಾಯಾ, ಏನರ ಹಾಡು" ಎಂದ. ಅಮಾತೆಪ್ಪನಿಗೆ ಎರಡು ಸಲ ಹೇಳುವುದು ಬೇಕಿರಲಿಲ್ಲ. ವೇದಿಕೆ ಹತ್ತಿ, ಕಿವಿಗೆ ಕೈಯಿಟ್ಟು ತತ್ವಪದ ಎತ್ತಿಯೇಬಿಟ್ಟ.

ಆರು ವರ್ಷದ ರೂಢಿ. ದೇವಕಮ್ಮನ ಕಮಾನು ತಾನಾಗಿ ಅವನ ಹಿಂದೆ ಹೊರಟಿತು. ಕಾರ್ಯದರ್ಶಿ ಜೇಬಿನಿಂದ ಕನ್ನಡಕ ತೆಗೆದು, ಕೈಯಲ್ಲಿದ್ದ ಆಹ್ವಾನಪತ್ರಿಕೆಯಲ್ಲಿ ಯಾರ ಹೆಸರಿದೆಯೆಂದು ಮತ್ತೆ ನೋಡಿದರು. ಅದನ್ನು ನೋಡಿದ ದೇವಕಮ್ಮ ಸ್ವರವನ್ನು ಮೇಲಕ್ಕೆ ಒಯ್ದಳು. ಅಮಾತೆಪ್ಪನೂ ಹತ್ತಿದ. ಅವಳು ಇನ್ನೂ ಮೇಲೆ ಹೋದಳು. ಅವನ ಕುತ್ತಿಗೆಯ ನರಗಳು ಉಬ್ಬಿದವು. ಮೂರನೆಯ ಸಲ ಅವನ ಗಂಟಲಿನಿಂದ ಹಾಲು ಕಾಣದ ಕರುವಿನ ಸದ್ದು ಬಂತು.

"ಮಗಳೇ, ಇದರ ಮ್ಯಾಲ ನನ್ನ ಹತ್ರ ನಿಚ್ಚಣಿಕಿ ಇಲ್ಲವ್ವಾ," ಎಂದು ಅವನು ಎದೆ ಹಿಡಿದುಕೊಂಡ. "ಮುಂದ ನೀನೇ ಹೋಗು, ನಾ ಇಲ್ಲೇ ಕೇಳ್ತೀನಿ."

ಜನ ನಕ್ಕರು. ಯಾರನ್ನು ಕೇಳಲು ಬಂದಿದ್ದೇವೆಂಬುದು ಈಗ ಎಲ್ಲರಿಗೂ ತಿಳಿಯಿತು. ತಬಲಾದವನು ಕೈ ಬಿಚ್ಚಿದ. ಮುಕ್ಕಾಲು ತಾಸು ಯಾರೂ ಎದ್ದು ಹೋಗಲಿಲ್ಲ. ಅಮಾತೆಪ್ಪ ಮಾತ್ರ ನಡುನಡುವೆ ತಾನೇ ಕಲಿಸಿದವನಂತೆ ತಲೆದೂಗುತ್ತಿದ್ದ.

ಮುಗಿದ ಮೇಲೆ ಕಾರ್ಯದರ್ಶಿ ಬಂದು, "ಶ್ರಾವಣದಾಗ ಧಾರವಾಡಕ್ಕ ಬರ್ರಿ. ಒಂದೂವರಿ ತಾಸು, ನೀವೊಬ್ಬರೇ" ಎಂದರು.

ಖಂಡಪ್ಪ ತಲೆ ತಗ್ಗಿಸಿ ನಿಂತಿದ್ದ. ದೇವಕಮ್ಮ ತಂತಿ ಒರೆಸುತ್ತ ಅಂದಳು:

"ನೀನೂ ಬಾ ಅಪ್ಪಾ. ಆದ್ರ ಸಹಾಯ ಮಾಡಬ್ಯಾಡ."

"ಚೀಲನಾದ್ರೂ ಹಿಡೀಲೇನವ್ವಾ?"

"ಚೀಲ ಹಿಡಿ."