ಯಾರ ಎಡವಟ್ಟು

ಯಶವಂತಪುರದ ನಮ್ಮ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮತ್ತಿನ ಮದ್ದು ಕೊಡುವ ಡಾಕ್ಟರು ನಾನೊಬ್ಬಳೇ. ಹದಿನೈದು ವರ್ಷದ ಅನುಭವ, ಅದರ ಜೊತೆಗೇ ಬೆಳೆದ ಕೆಟ್ಟ ಕೋಪ. ಅರವತ್ತನಾಲ್ಕನೇ ಇಸವಿಯಲ್ಲಿ ಕೋಗಿಲು ಹಳ್ಳಿಯಿಂದ ಅಂಜನಮ್ಮ ಬಂದಳು. ಇಪ್ಪತ್ತಾರರ ಹೆಂಗಸು, ನಾಲ್ಕು ಹೆಜ್ಜೆಗೇ ಏದುಸಿರು. ಹೃದಯದ ಕವಾಟ ಕಿರಿದಾಗಿತ್ತು. ಬಿಡಿಸದಿದ್ದರೆ ವರ್ಷ ಕಳೆಯುವುದು ಅನುಮಾನ. ಸಾಲದ್ದಕ್ಕೆ ಆ ಹೃದಯ ಇದ್ದದ್ದು ಬಲಗಡೆ. ಕನ್ನಡಿಯಲ್ಲಿ ಕಂಡ ಹಾಗೆ ಒಳಗಿನದೆಲ್ಲ ಅದಲುಬದಲು.

"ನಂದೆಲ್ಲಾ ಎಡವಟ್ಟು ಅಂತಾರೆ ನಮ್ಮತ್ತೆ. ಗುಂಡಿಗೆ ಬಲಕ್ಕೈತೆ, ಮರೀಬ್ಯಾಡಿ ಡಾಕ್ಟ್ರಮ್ಮ," ಎನ್ನುವಳು. ನರ್ಸ್ ಫರೀದಾಗೂ ಅದೇ, ಕಸ ಗುಡಿಸುವವಳಿಗೂ ಅದೇ. ಆಪರೇಷನ್ನಿನ ಹಿಂದಿನ ಸಂಜೆ ಐದನೇ ಸಲ ಹೇಳಿದಾಗ ನಾನು ರೇಗಿಬಿಟ್ಟೆ.

"ಎಷ್ಟು ಸಲ ಹೇಳ್ತೀಯೇ? ನಮಗೇನು ತಲೆ ಇಲ್ವಾ? ಸುಮ್ನೆ ಮಲ್ಕೋ!"

ಪಾಪ, ಮುಸುಕೆಳೆದು ಮಲಗಿದಳು.

ಬೆಳಿಗ್ಗೆ ಮತ್ತಿನ ಇಂಜೆಕ್ಷನ್ ಕೊಟ್ಟು ಗಂಟಲಿಗೆ ನಳಿಗೆ ಇಳಿಸಿದೆ. ತಟ್ಟನೆ ಮಣಿಕಟ್ಟಿನ ನಾಡಿ ಕಾಣೆಯಾಯಿತು. ಎದೆಗೆ ಸ್ಟೆತಾಸ್ಕೋಪ್ ಒತ್ತಿದೆ. ಸದ್ದೇ ಇಲ್ಲ. ಅಯ್ಯೋ ಶಿವನೇ!

"ಎದೆ ನಿಂತಿದೆ! ಅಡ್ರಿನಲಿನ್, ಉದ್ದನೆ ಸೂಜಿ!" ಎಂದು ಕಿರುಚಿದೆ.

ಫರೀದಾ ಸೂಜಿ ಕೈಗಿತ್ತಳು. ಆ ಮದ್ದನ್ನು ನೇರ ಹೃದಯಕ್ಕೇ ಚುಚ್ಚಲೆಂದು ಹೊದಿಕೆ ಪೂರ್ತಿ ಸರಿಸಿದೆ. ಅಂಜನಮ್ಮನ ಬಲ ಮೊಲೆಯ ಕೆಳಗೆ ಕಾಸಗಲ ಅರಿಶಿನದ ಬೊಟ್ಟು! ನನ್ನ ಸ್ಟೆತಾಸ್ಕೋಪ್ ಮಾತ್ರ ಅಭ್ಯಾಸಬಲದಿಂದ ಎಡಗಡೆ ಕೂತಿತ್ತು.

ಅದನ್ನು ಎತ್ತಿ ಬೊಟ್ಟಿನ ಮೇಲಿಟ್ಟೆ. ಸಣ್ಣಗೆ, ಆದರೆ ಬಿಡದೆ ಬಡಿಯುತ್ತಿತ್ತು. ಎಡಗಡೆ ಚುಚ್ಚಿದ್ದರೆ ಸೂಜಿ ನೇರ ಶ್ವಾಸಕೋಶಕ್ಕೆ ಹೋಗುತ್ತಿತ್ತು. ಮತ್ತಿನ ಮದ್ದು ತಗ್ಗಿಸಿ ಆಕ್ಸಿಜನ್ ಹೆಚ್ಚಿಸಿದೆ. ನಾಡಿ ನಿಧಾನವಾಗಿ ಬೆರಳಿಗೆ ಸಿಕ್ಕಿತು.

"ಇವತ್ತು ಬೇಡ, ಎಬ್ಬಿಸಿ ಕಳಿಸೋಣ," ಎಂದರು ಸರ್ಜನ್ ಚನ್ನಕೇಶವ.

"ಇನ್ನೊಂದ್ಸಲ ಬರೋವಷ್ಟು ಉಸಿರು ಇವಳಲ್ಲಿಲ್ಲ ಸಾರ್. ಇವಳನ್ನ ನಾನು ನೋಡ್ಕೋತೀನಿ, ನೀವು ಕೊಯ್ಯಿರಿ. ಬಲಗಡೆ!"

ಅವರು ಹೃದಯದೊಳಕ್ಕೆ ಬೆರಳು ತೂರಿಸಿ ಕವಾಟ ಬಿಡಿಸಿದರು. ಅಲ್ಲಿಯವರೆಗೂ ನಾನು ನಾಡಿಯ ಮೇಲಿನ ಬೆರಳು ತೆಗೆಯಲಿಲ್ಲ.

ಮೂರನೇ ದಿನ ಅಂಜನಮ್ಮ ಎದ್ದು ಕೂತು ಮೊಸರನ್ನ ತಿನ್ನುತ್ತಿದ್ದಳು.

"ಬೊಟ್ಟು ಯಾಕೆ ಇಟ್ಕೊಂಡಿದ್ದೆ?"

"ನೀವು ರೇಗಿದ್ರಲ್ಲ, ಬಾಯಲ್ಲಿ ಅನ್ನಾಕೆ ಬಯ ಆಯ್ತು. ನೀವು ಮರೀಲಿಲ್ಲ ತಾನೆ?"

ಇಲ್ಲ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನಾಚಿಕೆಯಾಯಿತು.

"ಮರ್ತೆ ಕಣೇ. ಎಡವಟ್ಟು ನಂದು."

ಅವಳು ತುತ್ತು ಕೆಳಗಿಟ್ಟು ನನ್ನನ್ನೇ ನೋಡಿದಳು.

"ನಮ್ಮತ್ತೆ ಒರಗೆ ಕೂತವ್ರೆ. ಅವ್ರ ಮುಂದೂ ಒಂದ್ಸಲ ಇಂಗೇ ಅನ್ನಿ ಡಾಕ್ಟ್ರಮ್ಮ."

ಹೋಗಿ ಹೇಳಿದೆ, ಇಡೀ ವಾರ್ಡಿಗೆ ಕೇಳಿಸುವ ಹಾಗೆ.