ಅರಿಶಿನ ಹಚ್ಚಿದ ಸರ್ಟಿಫಿಕೇಟು

ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಜನರ ಕಾಗದಪತ್ರ ಪರಿಶೀಲಿಸಿದವನು ನಾನು. ಮೊಹರಿನ ಮೇಲೆ ಒಂದು ಹನಿ ಚಹಾ ಬಿದ್ದಿದ್ದರೂ, ಎಷ್ಟೇ ದೂರದಿಂದ ಬಂದವರಿರಲಿ, ಮುಲಾಜಿಲ್ಲದೆ ವಾಪಸು ಕಳಿಸಿದ್ದೇನೆ. ಸೂರ್ಯನಾರಾಯಣ ಎಂದರೆ ಆ ಸೆಕ್ಷನ್ನಿನಲ್ಲಿ ಎಲ್ಲರಿಗೂ ನಡುಕ.

ಮಗಳು ಹರಿಣಿ ನರ್ಸು. ಕುವೈತಿನ ಒಂದು ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಡಿಗ್ರಿ ಸರ್ಟಿಫಿಕೇಟಿಗೆ ವಿದೇಶಾಂಗ ಇಲಾಖೆಯ ಮುದ್ರೆ, ಆಮೇಲೆ ಕುವೈತ್ ರಾಯಭಾರ ಕಚೇರಿಯ ಮುದ್ರೆ ಬೀಳಬೇಕಿತ್ತು. ತಿಂಗಳೊಳಗೆ ಕಳಿಸದಿದ್ದರೆ ಕೆಲಸ ಬೇರೆಯವರ ಪಾಲು. ಹುಡುಗಿ ದೆಹಲಿಯ ಪೀತಮ್‌ಪುರದ ನಮ್ಮ ಮನೆ ತುಂಬ ಕುಣಿದಾಡಿಕೊಂಡಿದ್ದಳು. ನನಗೋ ಬೇರೆಯದೇ ಚಿಂತೆ. ಲೋಧಿ ಕಾಲೋನಿಯ ವೆಂಕಟಸುಬ್ಬಯ್ಯನ ಮಗ ಯಶವಂತನಿಗೆ ಅವಳನ್ನು ಕೊಡುತ್ತೇನೆಂದು ಮಾತು ಕೊಟ್ಟು ಕೂತಿದ್ದೆ. ಪರದೇಶಕ್ಕೆ ಹೋಗುವ ಹುಡುಗಿ ತಮಗೆ ಬೇಡ ಎಂದು ಅವರು ಕಡ್ಡಿ ಮುರಿದಂತೆ ಹೇಳಿದ್ದರು. ಇವಳಂತೂ ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಸರ್ಟಿಫಿಕೇಟು ಕೊಡಲು ಹೋಗುವ ದಿನ ಬೆಳಿಗ್ಗೆ ಹರಿಣಿ ಸ್ನಾನಕ್ಕೆ ಹೋಗಿದ್ದಳು. ಹೆಂಡತಿ ಲೀಲಮ್ಮ ಅದನ್ನು ದೇವರ ಮುಂದಿಟ್ಟು, ಲಗ್ನಪತ್ರಿಕೆಗೆ ಹಚ್ಚುವ ಹಾಗೆ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಲು ಬಟ್ಟಲು ಹಿಡಿದು ನಿಂತಳು. ಹಚ್ಚಬಹುದಲ್ಲವೇ ಎಂದು ನನ್ನನ್ನೇ ಕೇಳಿದಳು. ಕೆಳಗಿನ ಮೂಲೆಯಲ್ಲಿ ವಿಶ್ವವಿದ್ಯಾಲಯದ ಮೊಹರಿತ್ತು. ನಾನು ಕನ್ನಡಕ ಹಾಕಿಕೊಂಡೇ ನೋಡಿದೆ.

"ಹಚ್ಚು. ಶುಭ ಕೆಲಸ ಅಲ್ವಾ," ಎಂದೆ.

ಒದ್ದೆ ಬೆರಳಿನ ಕುಂಕುಮ ಮೊಹರಿನ ಮೇಲೆಲ್ಲ ಹರಡಿತು. ಲೀಲಮ್ಮ ಕೈಮುಗಿದು ಅದನ್ನು ಕವರಿಗೆ ಹಾಕಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಹರಿಣಿ ವಾಪಸು ಬಂದಳು. ಮೊಹರು ಕಾಣುತ್ತಿಲ್ಲ, ಹೊಸ ಪ್ರತಿ ತನ್ನಿ ಎಂದು ಕೌಂಟರಿನಲ್ಲಿ ತಿರುಗಿಸಿ ಕಳಿಸಿದ್ದರು. ವಿಶ್ವವಿದ್ಯಾಲಯಕ್ಕೆ ಫೋನು ಮಾಡಿದರೆ ಹೊಸ ಪ್ರತಿಗೆ ಎರಡು ತಿಂಗಳು ಎಂದರು. ಆಸ್ಪತ್ರೆಯವರು ಒಂದು ದಿನವೂ ಹೆಚ್ಚು ಕೊಡಲಿಲ್ಲ. ಕೆಲಸ ಕೈತಪ್ಪಿತು ಎಂಬ ಮೇಲ್ ಬಂದ ದಿನ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನಿಗೆ ಬಾಯಿಗೆ ಬಂದಂತೆ ಅಂದಳು.

"ಅಮ್ಮಾ, ನಿನ್ನ ಪೂಜೆಯಿಂದ ನನ್ನ ಸಬ್ ಕುಛ್ ಹೋಯ್ತು. ಅಪ್ಪನ್ನ ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?"

ನಾನು ಅಲ್ಲೇ ಹೊರಗೆ ಕೂತಿದ್ದೆ. ಲೀಲಮ್ಮ ಕೈ ಒರೆಸಿಕೊಂಡು ಹೊರಗೆ ಬಂದಳು. ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು. ಅವಳಿಗೆ ಎಲ್ಲ ಅರ್ಥವಾಗಿತ್ತು.

"ಕೇಳಬೇಕಿತ್ತು ಕಣೇ. ಕೇಳಲಿಲ್ಲ, ನಂದೇ ತಪ್ಪು," ಎಂದಳು.

ಹರಿಣಿ ನನ್ನ ಕಡೆ ತಿರುಗಿದಳು. ಹೌದು, ಕೇಳಲಿಲ್ಲವೆಂದು ನಾನೂ ತಲೆಯಾಡಿಸಿದೆ.